ನಾಯಿಗೂ ಜಾಗ ಕೊಟ್ಟ ಹೋಟೆಲು

ನಮ್ಮ ನಾಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕರೆದಂತಾಗುತ್ತದೆ, ಕರೆದರೆ ಮುಂದಿನದನ್ನು ಬರೆಯಲು ನನ್ನಿಂದಾಗುವುದಿಲ್ಲ. ಕಂದು ಬಣ್ಣದ, ಒಂದು ಕಿವಿ ಮಡಚಿಕೊಂಡಿದ್ದ ಬೀದಿನಾಯಿ. ಒಂಬತ್ತು ವರ್ಷದ ಹಿಂದೆ ಚಾಮರಾಜಪೇಟೆಯ ನಮ್ಮ ಮನೆ ಗೇಟಿನ ಕೆಳಗೆ ತೂರಿಕೊಂಡು ಒಳಗೆ ಬಂದ, ಮತ್ತೆ ಹೊರಗೆ ಹೋಗಲು ಒಪ್ಪಲಿಲ್ಲ. ನಮಗೆ ಮಕ್ಕಳಿಲ್ಲ. ಅದಕ್ಕೇ ನಾಯಿಯನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮನೆಯವರಿಗೆ ಪೇಟೆಯಲ್ಲಿ ತಾತನ ಕಾಲದ ಪಾತ್ರೆ ಅಂಗಡಿ. ನಾನು ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಮ್ಮನಾಗಿದ್ದು ನಿವೃತ್ತಳಾದವಳು. ಭಾನುವಾರ ಅಂಗಡಿಗೆ ರಜ. ಅವತ್ತು ಬೆಳಗಿನ ತಿಂಡಿ ಹೊರಗೆ, ಮೂವರೂ ಒಟ್ಟಿಗೆ ಎಂದು ನಮ್ಮನೆಯವರು ಕಟ್ಟಳೆ ಮಾಡಿದರು. ಹೇಳುವುದು ಸುಲಭ. ನಮ್ಮ ಕಡೆಯ ಹಳೆಯ ಬಡಾವಣೆಗಳಲ್ಲಿ ನಾಯಿ ಕಟ್ಟಿಕೊಂಡು ಹೊರಟವರಿಗೆ ಎಲ್ಲಿ ಜಾಗವಿದೆ? ಪಾರ್ಕಿನ ಬಾಗಿಲಲ್ಲಿ ಬೋರ್ಡು. ಒಳಗೆ ವಾಕಿಂಗ್ ಮಾಡುವ ಯಜಮಾನರು ಉಗುಳಬಹುದು, ಮೊಬೈಲಿನಲ್ಲಿ ಭಜನೆ ಹಾಕಿಕೊಂಡು ಊರಿಗೆಲ್ಲ ಕೇಳಿಸಬಹುದು, ನಾಯಿ ಮಾತ್ರ ಕಾಲಿಡಬಾರದು. ಒಮ್ಮೆ ಮಲ್ಲೇಶ್ವರದವರೆಗೂ ಹೋಗಿದ್ದೆವು. ಮೂರು ಆಟೋದವರು ನಾಯಿಯ ಮುಖ ನೋಡಿ ಗಾಡಿ ಮುಂದೆ ಓಡಿಸಿದರು, ನಾಲ್ಕನೆಯವನು ಹತ್ತಿಸಿಕೊಂಡ. ಅಲ್ಲಿನ ಹೋಟೆಲಿನಲ್ಲಿ ಒಬ್ಬರು ಹೊರಗೆ ನಾಯಿ ಹಿಡಿದು ನಿಲ್ಲುವುದು, ಇನ್ನೊಬ್ಬರು ಒಳಗೆ ತಿಂದು ಬರುವುದು, ಆಮೇಲೆ ಸರದಿ ಬದಲು. ಆಸ್ಪತ್ರೆಯಲ್ಲಿ ರೋಗಿಯನ್ನು ಕಾದಂತಿತ್ತು ಆ ತಿಂಡಿ.

ಕೊನೆಗೆ ಬಸವನಗುಡಿಯ ಒಂದು ದರ್ಶಿನಿ ಸಿಕ್ಕಿತು. ನಿಂತು ತಿನ್ನುವ ಹೋಟೆಲು. ಒಳಗೆ ಜಾಗ ಸಾಲದೆ ಫುಟ್‌ಪಾತಿನ ಮರದ ಕೆಳಗೂ ಎರಡು ಕಲ್ಲುಚಪ್ಪಡಿ ಹಾಕಿದ್ದರು. ಮರ ಯಾರಪ್ಪನದೂ ಅಲ್ಲವಲ್ಲ, ಅಲ್ಲಿ ನಾಯಿ ಕೂತರೆ ಕೇಳುವವರಿಲ್ಲ. ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ಮಾಲೀಕರೇ ಗಲ್ಲಾದ ಮೇಲೆ ಕೂರುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಅವರು ನಾವು ಕೇಳುವ ಮೊದಲೇ ನಾಯಿಗೆಂದು ಮೆತ್ತನೆ ಇಡ್ಲಿ ಎತ್ತಿಡತೊಡಗಿದರು. ನಾಯಿಯನ್ನೂ ಸೇರಿಸಿ ಮೂರು ಜನ ಎಂದು ನಮ್ಮನ್ನು ಲೆಕ್ಕ ಹಿಡಿದವರು ಈ ಊರಿನಲ್ಲಿ ಅವರೊಬ್ಬರೇ. ನಾಲ್ಕು ವರ್ಷ ಅಲ್ಲಿಗೆ ಹೋದೆವು.

ಇಲ್ಲಿ ನನ್ನ ತವರಿನ ಒಂದು ರೂಢಿಯನ್ನು ಹೇಳಬೇಕು. ನಾಯಿ ನೋಡುತ್ತಿರುವಾಗ ಅದಕ್ಕೆ ಕೊಡದೆ ತಿಂದರೆ ದೃಷ್ಟಿಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು. ಹೊಟ್ಟೆನೋವು ಬಂದರೆ ಮೊದಲು ಕೇಳುತ್ತಿದ್ದುದು, ಯಾವ ನಾಯಿಯ ಎದುರಿಗೆ ತಿಂದೆ ಎಂದೇ. ಓದಿದವಳಾದರೂ ನನಗೆ ಇದು ಬಿಡಲಿಲ್ಲ. ಏನು ತಿಂದರೂ ಮೊದಲ ತುತ್ತು ನಾಯಿಗೆ. ಕೇಸರಿಭಾತು ಬಂದರೆ ಮೊದಲು ದ್ರಾಕ್ಷಿ. ಇದರಲ್ಲಿ ಧರ್ಮಕ್ಕಿಂತ ನನ್ನ ಅನುಕೂಲವೇ ಹೆಚ್ಚು. ಉಬ್ಬಿದ ಒಣದ್ರಾಕ್ಷಿಯನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗದು. ಆರಿಸಿ ಆರಿಸಿ ಅವನ ಬಾಯಿಗೆ ಹಾಕುತ್ತಿದ್ದೆ. ಅವನು ಕಣ್ಣು ಅರ್ಧ ಮುಚ್ಚಿಕೊಂಡು ತಿನ್ನುತ್ತಿದ್ದ. ನನಗೆ ದೃಷ್ಟಿಯೂ ತಗುಲಲಿಲ್ಲ, ದ್ರಾಕ್ಷಿಯೂ ತಪ್ಪಿತು.

ನಾಲ್ಕನೆಯ ವರ್ಷ ಆಯುಧಪೂಜೆ ಗುರುವಾರ ಬಂದಿತ್ತು. ಹೋಟೆಲಿನವರು ಪೂಜೆಗೆ ಬನ್ನಿ ಎಂದು ಕರೆದಿದ್ದರು. ಗ್ರೈಂಡರಿಗೂ ಒಲೆಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದರು. ಆಮೇಲೆ ಮಾಲೀಕರು ನೈವೇದ್ಯದ ದ್ರಾಕ್ಷಿ, ಗೋಡಂಬಿ, ಕಲ್ಲುಸಕ್ಕರೆಯನ್ನು ದೊನ್ನೆ ತುಂಬ ತಂದು, ಮೂವರಿಗೂ ಎಂದು ನನ್ನ ಕೈಗಿಟ್ಟರು. ನಮ್ಮನೆಯವರು ಒಳಗೆ ಮಂಗಳಾರತಿಗೆ ನಿಂತಿದ್ದರು. ಮರದ ಕೆಳಗೆ ನಾನು, ನಾಯಿ. ಅವನು ದೊನ್ನೆಯನ್ನೇ ನೋಡುತ್ತಿದ್ದ. ಗೋಡಂಬಿ, ಕಲ್ಲುಸಕ್ಕರೆ ನನಗಿಟ್ಟುಕೊಂಡು, ದ್ರಾಕ್ಷಿಯಷ್ಟನ್ನೂ ಅವನಿಗೆ ಸುರಿದೆ. ಎರಡು ಹಿಡಿಯಾದರೂ ಇತ್ತು. ಪ್ರಸಾದ ಕೆಳಗೆ ಚೆಲ್ಲಬಾರದು ಎಂದು ಅಂಗೈಯಲ್ಲೇ ಹಿಡಿದು ತಿನ್ನಿಸಿದೆ.

ಶುಕ್ರವಾರ ಸಂಜೆ ಅವನಿಗೆ ವಾಂತಿ ಶುರುವಾಯಿತು. ಶನಿವಾರ ಪಶುವೈದ್ಯರ ಹತ್ತಿರ ಕರೆದೊಯ್ದೆವು. ನನ್ನ ಶಿಷ್ಯನಾಗಿರಬಹುದಾದ ವಯಸ್ಸಿನ ಹುಡುಗ ಆ ಡಾಕ್ಟರು. ಏನು ತಿಂದಿದ್ದ ಎಂದು ಕೇಳಿದರು. ಮೊಸರನ್ನ ಎಂದೆವು. ನಿಜವಾಗಿಯೂ ನನಗೆ ದ್ರಾಕ್ಷಿಯ ನೆನಪೇ ಬರಲಿಲ್ಲ, ಅದೇನು ವಿಷವೇ ನೆನಪಿಟ್ಟುಕೊಳ್ಳಲು. ನಮ್ಮನೆಯವರಿಗೆ ಬೇರೆಯದೇ ನೆನಪಾಯಿತು. ಹಬ್ಬದ ಹಿಂದಿನ ದಿನ ಬಾಳೆಕಂದು, ಕುಂಬಳಕಾಯಿ ತರಲು ನಾಯಿಯನ್ನೂ ಕಟ್ಟಿಕೊಂಡು ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಹೋಗಿದ್ದರಂತೆ. ಅಲ್ಲಿ ಕೊಳೆತ ಸೊಪ್ಪಿನ ಪಕ್ಕ ನಿಂತಿದ್ದ ನೀರಿಗೆ ಅವನು ಬಾಯಿ ಹಾಕಿದ್ದನಂತೆ. ಇವರು ಎಳೆಯುವಷ್ಟರಲ್ಲಿ ಕುಡಿದೇಬಿಟ್ಟಿದ್ದ. ಅದನ್ನು ಹೇಳುವಾಗ ಅವರ ದನಿ ಇಳಿದುಹೋಗಿತ್ತು. ಕೊಳಚೆ ನೀರಿನ ಸೋಂಕಿರಬಹುದು ಎಂದು ಡಾಕ್ಟರು ಎರಡು ಇಂಜೆಕ್ಷನ್ ಕೊಟ್ಟು ಕಳಿಸಿದರು.

ಮರುದಿನ ಭಾನುವಾರ. ವಾಂತಿ ನಿಂತಿತ್ತು, ಕರೆದರೆ ಬಾಲ ಆಡಿಸುತ್ತಿದ್ದ. ಅವನು ನಮ್ಮ ಗೇಟಿನೊಳಗೆ ಬಂದು ಒಂಬತ್ತು ವರ್ಷ ತುಂಬಿದ ವಾರವದು. ಅದಕ್ಕೆಂದೇ ನಮ್ಮನೆಯವರು ಹದಿನೈದು ದಿನ ಮೊದಲೇ ಒಂದು ಕೆಫೆಯಲ್ಲಿ ಜಾಗ ಕಾದಿರಿಸಿದ್ದರು. ಬಸವನಗುಡಿಯಲ್ಲೇ, ಹಳೆಯ ಮನೆಯೊಂದನ್ನು ಕೆಡವದೆ ಹೊಸದಾಗಿ ತೆರೆದದ್ದು. ನಾಯಿಯನ್ನು ಒಳಗೇ ಬಿಡುತ್ತಾರೆ, ನಾಯಿಗೆ ಪ್ರತ್ಯೇಕ ಊಟದ ಪಟ್ಟಿಯಿದೆ, ನೀರಿಗೆ ಸ್ಟೀಲ್ ಬಟ್ಟಲು. ಜಗುಲಿಯಲ್ಲಿ ಕುರ್ಚಿ ಹಾಕಿ ಮೂವರಿಗೂ ಒಂದೇ ಮೇಜು ಕೊಟ್ಟರು. ನಮ್ಮನೆಯವರು ಸುತ್ತಲೂ ನೋಡಿ, ನಾವು ಇನ್ನು ಪ್ರತಿ ತಿಂಗಳೂ ಇಲ್ಲಿಗೆ ಬರೋಣ ಎಂದರು. ಅಷ್ಟು ಖುಷಿಯಾಗಿ ಅವರನ್ನು ನೋಡಿ ಎಷ್ಟೋ ದಿನವಾಗಿತ್ತು.

ನಾಯಿಗೆ ಪಟ್ಟಿಯಲ್ಲಿದ್ದ ಅನ್ನ, ಬೇಯಿಸಿದ ಸಿಹಿಗುಂಬಳ ತರಿಸಿದರು. ಅವನು ಮೂಸಿ, ಮುಖ ತಿರುಗಿಸಿ, ಮೇಜಿನ ಕೆಳಗೆ ಮಲಗಿದ. ನಾನು ಸುಮ್ಮನೆ ಪಟ್ಟಿಯನ್ನು ತಿರುವಿದೆ. ಹಿಂಬದಿಯಲ್ಲಿ, ನಿಮ್ಮ ತಟ್ಟೆಯಿಂದ ನಾಯಿಗೆ ಇವುಗಳನ್ನು ಕೊಡಬೇಡಿ ಎಂದು ಕನ್ನಡದಲ್ಲೂ ಅಚ್ಚು ಹಾಕಿದ್ದರು. ಈರುಳ್ಳಿ. ಚಾಕೊಲೇಟು. ಅದರ ಕೆಳಗೆ ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡ ಕೆಡುತ್ತದೆ, ತಿಂದಿದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಆಯುಧಪೂಜೆಯ ದೊನ್ನೆ ಆಗ ನೆನಪಾಯಿತು. ಆ ತಕ್ಷಣ ನಾನು ಮಾಡಿದ್ದು ಏನೆಂದರೆ, ಪಟ್ಟಿಯನ್ನು ಮಗುಚಿಟ್ಟು ಅದರ ಮೇಲೆ ಕಾಫಿ ಲೋಟ ಇಟ್ಟದ್ದು. ನಮ್ಮನೆಯವರು ಓದಬಾರದು ಎಂದು. ಯಾಕೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದೇನೋ. ವಾಂತಿ ನಿಂತಿದೆಯಲ್ಲ, ಎಲ್ಲ ಸರಿಹೋಗಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕು ವರ್ಷ ಕೊಟ್ಟಾಗ ಆಗದ್ದು ಈಗ ಆಗುತ್ತದೆಯೇ ಎಂದೂ ವಾದ ಹೂಡಿದೆ. ಒಳಗಿನ ನಿಜ ಬೇರೆ. ತಪ್ಪು ಒಪ್ಪಿಕೊಂಡರೆ ಹೊಡೆಯುವುದಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಆ ಮೂವತ್ತು ವರ್ಷದಲ್ಲಿ ನಾನಾಗಿ ಒಂದು ತಪ್ಪನ್ನೂ ಯಾರೆದುರೂ ಒಪ್ಪಿಕೊಂಡಿರಲಿಲ್ಲ. ಮನೆಯಲ್ಲೂ ಅಷ್ಟೇ. ಹಾಲು ಉಕ್ಕಿದರೆ ಒಲೆಯದು ತಪ್ಪು.

ಸೋಮವಾರ, ಮಂಗಳವಾರ ಅವನು ಏನೂ ಮುಟ್ಟಲಿಲ್ಲ. ನೀರು ಮಾತ್ರ ಕುಡಿಯುತ್ತಿದ್ದ. ನಮ್ಮನೆಯವರು ಅಂಗಡಿಗೆ ಹೋಗದೆ ಅವನ ಪಕ್ಕದಲ್ಲೇ ಕೂತು ಬೆರಳಲ್ಲಿ ಗಂಜಿ ನೆಕ್ಕಿಸಲು ನೋಡಿದರು. ಬುಧವಾರ ಡಾಕ್ಟರು ರಕ್ತ ತೆಗೆದು ನೋಡಿ, ಕಿಡ್ನಿ ಎರಡೂ ಕೆಟ್ಟಿವೆ ಎಂದರು. ಇಲಿ ಉಚ್ಚೆ ಬೆರೆತ ನೀರು ಕುಡಿದರೂ ಹೀಗಾಗುತ್ತದಂತೆ. ಆ ಮಾತು ಕೇಳಿ ನಮ್ಮನೆಯವರು ಗೋಡೆ ಹಿಡಿದುಕೊಂಡರು. ಡಾಕ್ಟರು ನನ್ನ ಕಡೆ ತಿರುಗಿದರು.

"ಮೇಡಂ, ಕರೆಕ್ಟಾಗಿ ಯೋಚನೆ ಮಾಡಿ ಹೇಳಿ. ಇಲಿ ಪಾಷಾಣ, ದ್ರಾಕ್ಷಿ, ಯಾವುದಾದ್ರೂ ಮಾತ್ರೆ, ಇಂಥದ್ದೇನಾದ್ರೂ ತಿಂದಿದ್ನಾ?"

"ಇಲ್ಲ," ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು.

ಸೋಂಕಿನ ಔಷಧಿ, ಬೆಳಗ್ಗೆ ಸಂಜೆ ಒಂದೊಂದು ಗಂಟೆ ಡ್ರಿಪ್ ಎಂದು ಚಿಕಿತ್ಸೆ ನಡೆಯಿತು. ಶುಕ್ರವಾರ ಅವನಿಗೆ ಮೂತ್ರವೇ ಬರಲಿಲ್ಲ. ನಮ್ಮನೆಯವರು ಮೆಡಿಕಲ್ ಸ್ಟೋರಿಗೆ ಹೋಗಿದ್ದಾಗ ನಾನು ಡಾಕ್ಟರಿಗೆ ಹೇಳಿದೆ. ಆಯುಧಪೂಜೆಯ ದಿನ, ಎರಡು ಹಿಡಿ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎದುರು ಮಾತಾಡಲು ನನಗೊಂದು ದಾರಿಯಾಗುತ್ತಿತ್ತು. ಮೊದಲೇ ತಿಳಿದಿದ್ದರೆ ಅವನನ್ನು ಇಲ್ಲೇ ಇರಿಸಿಕೊಂಡು ಹಗಲೂ ರಾತ್ರಿ ಡ್ರಿಪ್ ಕೊಡುತ್ತಿದ್ದೆ, ಉಳಿಯುತ್ತಿದ್ದ ಎಂದು ಮಾತ್ರ ಖಂಡಿತ ಹೇಳಲಾರೆ ಎಂದರು. ನಮ್ಮನೆಯವರಿಗೆ ತಿಳಿಸಬೇಡಿ ಎಂದು ಕೈ ಮುಗಿದೆ. ನೀವೇ ಹೇಳಿದರೆ ಒಳ್ಳೆಯದು ಎಂದು ತಲೆ ತಗ್ಗಿಸಿಕೊಂಡು ಸೂಜಿ ಸರಿಪಡಿಸಿದರು.

ಶನಿವಾರ ಮಧ್ಯಾಹ್ನ ಅವನು ಹೋದ. ನಮ್ಮ ಪೈಕಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಊರ ಹೊರಗೆ ಸಾಕುಪ್ರಾಣಿಗಳನ್ನು ಹೂಳುವ ಜಾಗವೊಂದಿದೆ. ಗುಂಡಿಗೆ ಇಳಿಸುವ ಮೊದಲು ನಮ್ಮನೆಯವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಅವನ ಹಣೆಗೆ ಮೂರು ಬೆರಳಲ್ಲಿ ಎಳೆದರು. ಕೂದಲ ಮೇಲೆ ಅದು ಸರಿಯಾಗಿ ಕೂರಲಿಲ್ಲ. ಮತ್ತೆ ಮತ್ತೆ ಎಳೆದರು.

ಅಲ್ಲಿಂದಾಚೆ ಅವರು ಸಿಕ್ಕಸಿಕ್ಕವರಿಗೆಲ್ಲ ಕಲಾಸಿಪಾಳ್ಯದ ನೀರಿನ ಕಥೆ ಹೇಳತೊಡಗಿದರು. ಹಗ್ಗ ಬಿಗಿಯಾಗಿ ಹಿಡಿದಿದ್ದರೆ ಸಾಕಿತ್ತು, ಕುಂಬಳಕಾಯಿ ಆರಿಸುತ್ತಾ ಮೈಮರೆತೆ ಎನ್ನುತ್ತಿದ್ದರು. ಹಾಲಿನವನಿಗೆ ಹೇಳಿದರು, ಪಕ್ಕದ ಮನೆಯವರಿಗೆ ಹೇಳಿದರು, ಅಂಗಡಿಗೆ ಬಂದ ಗಿರಾಕಿಗೂ ಹೇಳಿದರಂತೆ. ರಾತ್ರಿ ನಿದ್ದೆ ಬಿಟ್ಟರು. ಮಾರ್ಕೆಟ್ಟಿನ ಕಡೆ ಕಾಲಿಡುವುದನ್ನೂ ಬಿಟ್ಟರು. ತೂಕ ಇಳಿದು ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತು, ಹೋಗಲಿ ಬಿಡಿ, ನೀವೇನು ಬೇಕೆಂದು ಮಾಡಿದ್ದೇ ಎಂದು ಸಮಾಧಾನ ಹೇಳುತ್ತಿದ್ದೆ. ನಾಳೆ ಹೇಳೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಒಂದು ತಿಂಗಳು ಹಾಗೇ ಹೋಯಿತು.

ತಿಂಗಳ ಮೇಲೆ ಒಂದು ಭಾನುವಾರ ಅವರೇ ದರ್ಶಿನಿಗೆ ಹೋಗೋಣ ಎಂದರು. ಮರದ ಕೆಳಗೆ ನಿಂತೆವು. ಗಲ್ಲಾದಿಂದ ಮಾಲೀಕರು ಎದ್ದು ಬಂದು, ಎಲ್ಲಿ ನಮ್ಮ ಮೂರನೆಯವರು ಎಂದು ಕೇಳಿದರು.

"ಹೋಗ್ಬಿಟ್ಟ ಸ್ವಾಮಿ," ಎಂದರು ನಮ್ಮನೆಯವರು. "ನಾನೇ ಕೊಂದೆ. ಕೊಳಚೆ ನೀರು ಕುಡಿಯೋಕೆ ಬಿಟ್ಟೆ."

ಮಾಲೀಕರು ಅವರ ಭುಜ ಹಿಡಿದುಕೊಂಡರು. ಕೊನೆಯ ಸಲ ಪೂಜೆಯ ಪ್ರಸಾದವಾದರೂ ತಮ್ಮ ಕೈಯಿಂದ ಅವನ ಹೊಟ್ಟೆಗೆ ಸೇರಿತಲ್ಲ ಎಂದು ಕಣ್ಣೊರೆಸಿಕೊಂಡರು. ಅಲ್ಲಿ ನಾನು ಬಾಯಿ ಬಿಟ್ಟಿದ್ದರೆ ಆ ಮನುಷ್ಯನೂ ಜೀವಮಾನವಿಡೀ ಕೊರಗಬೇಕಾಗುತ್ತಿತ್ತು. ಕೈ ತೊಳೆದು ಹೊರಟ ಮೇಲೆ, ನಡೆಯುತ್ತಾ ನಡೆಯುತ್ತಾ ಎಲ್ಲವನ್ನೂ ಹೇಳಿದೆ. ದೊನ್ನೆ, ಕೆಫೆಯ ಪಟ್ಟಿ, ಬುಧವಾರ ಡಾಕ್ಟರು ಕೇಳಿದ್ದು, ನಾನು ಅಂದದ್ದು. ಅವರು ಒಂದು ಮನೆಯ ಕಾಂಪೌಂಡ್ ಪಕ್ಕ ನಿಂತರು.

"ದ್ರಾಕ್ಷಿ ಕೊಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ಗೊತ್ತಿಲ್ದೆ ನಾನೂ ಕೊಟ್ಟಿದೀನಿ. ಡಾಕ್ಟ್ರ ಮುಂದೆ ಭಯ ಆಯ್ತು, ಅದೂ ಹೋಗ್ಲಿ." ಅವರು ನನ್ನ ಮುಖವನ್ನೇ ನೋಡಿದರು. "ಒಂದು ತಿಂಗಳು ನಾನು ಹಿಂಗೆ ಸಾಯ್ತಿರೋದು ನೋಡ್ಕೊಂಡು ಹೆಂಗೆ ಅನ್ನ ಬಡಿಸ್ದೆ ನೀನು?"

ಬಡಿಸಿದ್ದೆ. ದಿನಾ ಎರಡು ಹೊತ್ತು, ಇನ್ನೊಂದು ಸೌಟು ಹಾಕಿಕೊಳ್ಳಿ ಎಂದು ಬಲವಂತ ಮಾಡಿ ಬಡಿಸಿದ್ದೆ.

ಈಗಲೂ ನಾವು ಒಟ್ಟಿಗೇ ಊಟಕ್ಕೆ ಕೂರುತ್ತೇವೆ. ಅವರು ಕೂಗಾಡಿದವರಲ್ಲ, ಮಾತು ಬಿಟ್ಟವರೂ ಅಲ್ಲ. ಅಂಗಡಿಯ ಸುದ್ದಿ ಹೇಳುತ್ತಾರೆ, ನನ್ನ ಮಂಡಿನೋವಿನ ಮಾತ್ರೆ ತಂದುಕೊಡುತ್ತಾರೆ. ನಾನು ಪಾತ್ರೆ ಹಿಡಿದು ಹತ್ತಿರ ಬಂದರೆ ಮಾತ್ರ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಇಡು, ನಾನೇ ಹಾಕ್ಕೋತೀನಿ," ಎನ್ನುತ್ತಾರೆ.