ಯೂ ಮೇಷ್ಟ್ರ ಮೊದಲ ಪಾಠ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದವರು ಇಬ್ಬರು. ಒಬ್ಬರು ಎಂಥ ಸೆಖೆಯಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡೇ ಬರುವವರು, ಅವರು ಟೈ ಮೇಷ್ಟ್ರು. ಇನ್ನೊಬ್ಬರು ಮೊದಲ ದಿನವನ್ನೆಲ್ಲ ‘ಯೂ’ ಅನ್ನುವ ಒಂದೇ ಪದಕ್ಕೆ ಸುರಿಯುವವರು, ಅವರು ಯೂ ಮೇಷ್ಟ್ರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ವರ್ಷ ಫೇಲಾದವರು, ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಾಕಿಕೊಂಡು ಬೆಳೆದವರು. ಕಲಿಯಲು ಬರುತ್ತಿದ್ದವರು ಹೋಟೆಲ್ ಸಪ್ಲೈಯರುಗಳು, ಟ್ಯಾಕ್ಸಿ ಡ್ರೈವರುಗಳು, ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು. ಕೆಳಗೆ ಟ್ಯೂಬಿಗೆ ಗಾಳಿ ತುಂಬುವ ಯಂತ್ರ ಧಡಧಡ ಅಂದಾಗ ಮೇಲೆ ಪಾಠ ನಿಲ್ಲುತ್ತಿತ್ತು. ಅದು ಬಾಯಿ ಮುಚ್ಚಿದ ಮೇಲೆ ಮೇಷ್ಟ್ರು ಬಾಯಿ ತೆರೆಯುತ್ತಿದ್ದರು.

ಹೊಸ ತಂಡ ಬಂದಾಗಲೆಲ್ಲ ಮೊದಲ ಪಾಠ ಹೀಗೆ. ಕೋಣೆಯ ನಡುವೆ ಒಂದು ಕುರ್ಚಿ. ಅದರ ಮೇಲೆ ಟೈ ಮೇಷ್ಟ್ರು ದೊರೆಯಾಗಿ ಗದ್ದ ಎತ್ತಿ ಕೂರಬೇಕು, ಎದುರಿಗೆ ನಿಂತ ಯೂ ಮೇಷ್ಟ್ರು ಬಗ್ಗಿ ‘ಯೂ’ ಅನ್ನಬೇಕು. ಆಮೇಲೆ ಟೈ ಮೇಷ್ಟ್ರು ಭಿಕ್ಷುಕನಾಗಿ ಕೈ ಚಾಚುತ್ತಾರೆ. ಅವನಿಗೂ ‘ಯೂ’. ಆಮೇಲೆ ಮುನಿಸಿಕೊಂಡ ಹೆಂಡತಿ. ಅವಳಿಗೂ ‘ಯೂ’, ಸ್ವಲ್ಪ ಹೆದರಿಕೊಂಡು. ಕೊನೆಗೆ ನಾಯಿ. ಟೈ ಮೇಷ್ಟ್ರು ನಾಲ್ಕು ಕಾಲಿನ ಮೇಲೆ ನಿಂತರೆ ಟೈ ನೆಲ ಗುಡಿಸುತ್ತಿತ್ತು, ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ನಗು ಇಳಿದ ಮೇಲೆ ಯೂ ಮೇಷ್ಟ್ರು ಚಾಕ್‌ಪೀಸ್ ಕೈಗೆತ್ತಿಕೊಳ್ಳುತ್ತಿದ್ದರು. “ಒಂದು ಕಾಲದಲ್ಲಿ ಅವರಿಗೂ ನಮ್ಮ ಹಾಗೇ ಎರಡು ಇದ್ವು. ‘ದೌ’ ಅಂದ್ರೆ ನೀನು. ‘ಯೂ’ ಅನ್ನೋದು ಎದುರಿಗೆ ನಾಲ್ಕು ಜನ ಇದ್ದಾಗ ಮಾತ್ರ. ಆಮೇಲೆ ದೊರೆಗಳಿಗೆ, ದೊಡ್ಡೋರಿಗೆ ಮರ್ಯಾದೆಗೆ ಅಂತ ‘ಯೂ’ ಅನ್ನೋಕೆ ಶುರು ಮಾಡಿದ್ರು. ಆಮೇಲೆ ಎದುರಿಗೆ ಬರೋನು ದೊಡ್ಡೋನೋ ಚಿಕ್ಕೋನೋ, ಯಾಕೆ ಬೇಕು ಉಸಾಬರಿ ಅಂತ ಎಲ್ಲರಿಗೂ ಅದನ್ನೇ ಅಂದ್ರು. ‘ದೌ’ ಪಾಪ, ಹಳೇ ಪ್ರಾರ್ಥನೆಗಳಲ್ಲಿ ದೇವರ ಜೊತೆ ಉಳ್ಕೊಂಡ್ತು. ಹಾಗಾಗಿ ಅವರು ಎಲ್ಲರಿಗೂ ನೀನು ಅಂತಾರೆ ಅಂತ ತಪ್ಪು ತಿಳ್ಕೋಬೇಡಿ. ಎಲ್ಲರಿಗೂ ನೀವು ಅಂತಾರೆ. ನಿಮಗೂ ನಿಮ್ಮ ಯಜಮಾನರಿಗೂ ಒಂದೇ ಪದ.” ಇದನ್ನು ಕೇಳಿದಾಗ ದಿನವೆಲ್ಲ ‘ಏ ಬಾರೋ’ ಎಂದು ಕರೆಸಿಕೊಳ್ಳುವ ಸಪ್ಲೈಯರುಗಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅದನ್ನು ನೋಡುವುದಕ್ಕೇ ಮೇಷ್ಟ್ರು ಬದುಕಿದ್ದರು ಅಂದರೂ ತಪ್ಪಿಲ್ಲ.

ಇನ್ನೊಂದು ಕಥೆಯೂ ಇತ್ತು. ಹಿಂದೆ ಒಬ್ಬ ಡ್ರೈವರಿಗೆ ಕಾರಿನಲ್ಲಿ ಕೂತ ಪರದೇಶದವನು, ಮೋಡ ನೋಡಿ, ಮಳೆ ಬಂದರೂ ಬರಬಹುದು ಎಂಬರ್ಥದಲ್ಲಿ, ‘ಯೂ ನೆವರ್ ನೋ’ ಅಂದನಂತೆ. ಇವನು ಗಾಡಿ ಪಕ್ಕಕ್ಕೆ ನಿಲ್ಲಿಸಿ, ನನಗೇನು ಗೊತ್ತಿಲ್ಲ ಹೇಳು ಎಂದು ಜಗಳಕ್ಕೇ ನಿಂತ. “ಕೆಲವು ಸಲ ‘ಯೂ’ ಅಂದ್ರೆ ನೀವೂ ಅಲ್ಲ, ನಾನೂ ಅಲ್ಲ, ಲೋಕದಲ್ಲಿ ಯಾರು ಬೇಕಾದ್ರೂ” ಎಂದು ಮೇಷ್ಟ್ರು ಬಿಡಿಸಿ ಹೇಳುತ್ತಿದ್ದರು.

ಪಾಠಕ್ಕೆ ಸೇರಿಸದೆ ಇಟ್ಟುಕೊಂಡದ್ದು ಒಂದೇ ಒಂದು. ಅವರ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಜನ್ಮವಿಡೀ ‘ಲೋ ಕತ್ತೆ’ ಎಂದೇ ಮಗನನ್ನು ಕೂಗಿದ ಹೆಂಗಸು ಆಕೆ. ಒಂದು ಸಂಜೆ ಮೇಷ್ಟ್ರು ಆಕೆಗೆ ಹಾಲಲ್ಲಿ ನೆನೆಸಿದ ಬ್ರೆಡ್ ತಿನ್ನಿಸುತ್ತಿದ್ದಾಗ, ಆಕೆ ಸ್ವಲ್ಪ ಸರಿದು ಕೂತು, ನೆಂಟರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು, “ನೀವು ಯಾರ ಕಡೆಯವರು? ನಿಮ್ಮದು ಊಟ ಆಯ್ತಾ?” ಅಷ್ಟು ಮರ್ಯಾದೆಯಿಂದ ಕೊಟ್ಟ ಪೆಟ್ಟನ್ನು ಮೇಷ್ಟ್ರು ಯಾರಿಂದಲೂ ತಿಂದಿರಲಿಲ್ಲ. ತಾಯಿ ತೀರಿಹೋದ ಮೇಲೆ ಟ್ಯುಟೋರಿಯಲ್ಲಿನ ಮೆಟ್ಟಿಲ ಮೇಲೆ ಕೂತು ಇದನ್ನು ಟೈ ಮೇಷ್ಟ್ರ ಹತ್ತಿರ ಹೇಳಿಕೊಂಡು ಅತ್ತಿದ್ದರು. ಟೈ ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು, “ಇದನ್ನ ಬೇರೆ ಯಾರ ಹತ್ರಾನೂ ಹೇಳ್ಬೇಡ ಕಣೋ. ನಿನ್ನಲ್ಲೇ ಇಟ್ಕೋ” ಅಂದಿದ್ದರು. ಮೇಷ್ಟ್ರು ಇಟ್ಟುಕೊಂಡರು. ಅಮ್ಮನಿಂದ ಬಂದದ್ದರಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದದ್ದು ಅದೊಂದೇ.

ಈಚೆಗೆ ಟೈ ಮೇಷ್ಟ್ರು ಸೊಂಟ ನೋವು ಎಂದು ಬರುತ್ತಿರಲಿಲ್ಲ. ಅಷ್ಟರಲ್ಲಿ ಹೊಸ ತಂಡ ಬಂತು. ಯಾವಾಗಲೂ ಇಲ್ಲದಷ್ಟು ಜನ, ಕುರ್ಚಿ ಸಾಲದೆ ಕೆಳಗಿನ ಅಂಗಡಿಯಿಂದ ಸ್ಟೂಲು ತಂದರು. ಮೇಷ್ಟ್ರು ಹಿಗ್ಗಿಹೋದರು. ಜೊತೆಗಾರ ಇಲ್ಲದಿದ್ದರೂ ಖಾಲಿ ಕುರ್ಚಿಯನ್ನೇ ದೊರೆ ಮಾಡಿ ಪಾಠ ಶುರು ಮಾಡಿದರು. ಭಿಕ್ಷುಕನ ತನಕ ಬಂದಿದ್ದರು, ಮುಂದಿನ ಸಾಲಿನ ಲಿಫ್ಟ್ ಆಪರೇಟರ್ ಕೇಳಿದ, “ಈಗ ಹೆಂಡತಿ, ಆಮೇಲೆ ನಾಯಿ ಅಲ್ವಾ ಸಾರ್?”

ಎಲ್ಲರೂ ಮುಂಚೆಯೇ ನಕ್ಕುಬಿಟ್ಟರು. ಮೇಷ್ಟ್ರ ಕೈ ಮೇಲಕ್ಕೆ ಹೋದದ್ದು ಅಲ್ಲೇ ನಿಂತಿತು.

“ನಿಮಗೆ ಹೇಗೆ ಗೊತ್ತು?”

ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಕೊಡುವ ನಡುವಯಸ್ಸಿನ ಹೆಂಗಸೊಬ್ಬಳು ಫೋನ್ ತೆಗೆದು ಮುಂದೆ ಹಿಡಿದಳು. “ಇದನ್ನ ನೋಡೇ ಸಾರ್ ನಾವೆಲ್ಲ ಸೇರಿದ್ದು. ಯಾವುದೋ ದೊಡ್ಡ ಕಂಪನಿಯ ಕ್ಲಾಸು. ಈ ಸಾರ್ ಇಲ್ಲೇ ಕಲಿಸ್ತಾರೆ ಅಂತ ಕೆಳಗೆ ಸೈಕಲ್ ಅಂಗಡಿಯವರು ಹೇಳಿದ್ರು. ಅವರು ಯಾವಾಗ ಬರ್ತಾರೆ?”

ಫೋನಿನಲ್ಲಿ ಟೈ ಮೇಷ್ಟ್ರು ಹೊಸ ಕೋಟು ತೊಟ್ಟು ನಿಂತಿದ್ದರು. ಸೊಂಟಕ್ಕೆ ಏನೂ ಆಗಿರಲಿಲ್ಲ. ಈ ಸಲ ಕುರ್ಚಿಯಲ್ಲಿ ಕೂತು ನಾಯಿಯಾಗುವವನು ಬೇರೊಬ್ಬ, ‘ಯೂ’ ಅನ್ನುವವರು ಟೈ ಮೇಷ್ಟ್ರು. ದೊರೆ, ಭಿಕ್ಷುಕ, ಹೆಂಡತಿ, ‘ದೌ’, ಗಾಡಿ ನಿಲ್ಲಿಸಿದ ಡ್ರೈವರ್, ಒಂದಕ್ಷರ ಬಿಡದೆ ಎಲ್ಲವೂ ಇತ್ತು. ಉಸಾಬರಿ ಅನ್ನುವಾಗ ಮೇಷ್ಟ್ರು ಕೈ ಕೊಡವುವ ರೀತಿಯೂ ಇತ್ತು. ಬರದೇ ಇದ್ದವರಿಗೆ ತೋರಿಸೋಣ ಎಂದು ಹೇಳಿ ಟೈ ಮೇಷ್ಟ್ರು ಹಿಂದೆಲ್ಲ ಪಾಠವನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಹೋಗಲಿ, ಪಾಠ ತಾನೇ, ಅವನೂ ಅದರಲ್ಲಿ ಅರ್ಧ ಬೆವರು ಸುರಿಸಿದ್ದಾನೆ ಎಂದು ಮೇಷ್ಟ್ರು ಮನಸ್ಸಿಗೆ ಸಮಾಧಾನ ಹೇಳುವಷ್ಟರಲ್ಲಿ ಕೌಂಟರಿನ ಹೆಂಗಸು, “ಈಗ ನೋಡಿ ಸಾರ್, ಇಲ್ಲಿ ನಾನು ಪ್ರತಿ ಸಲ ಅಳ್ತೀನಿ” ಅಂದಳು.

ಫೋನಿನಲ್ಲಿ ಟೈ ಮೇಷ್ಟ್ರು ಕನ್ನಡಕ ತೆಗೆದರು. ಕಣ್ಣೊರೆಸಿಕೊಂಡರು. “ನನ್ನ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು” ಎಂದು ಶುರು ಮಾಡಿದರು.

ಹಾಲು, ಬ್ರೆಡ್, ‘ನೀವು ಯಾರ ಕಡೆಯವರು’ ಎಲ್ಲ ಬಂತು. ಕದಿಯುವವರು ಪಾತ್ರೆ ಕದಿಯುತ್ತಾರೆ, ಚಪ್ಪಲಿ ಕದಿಯುತ್ತಾರೆ. ಸತ್ತ ತಾಯಿಯನ್ನು ಕದಿಯಬೇಕಾದರೆ ಕಳ್ಳ ಗೆಳೆಯನೇ ಆಗಿರಬೇಕು.

ಪಾಠ ಅಲ್ಲಿಗೇ ಬಿಟ್ಟು ಟೈ ಮೇಷ್ಟ್ರ ಮನೆಗೆ ಹೋದರು. ಬಾಗಿಲು ತೆರೆದದ್ದು ಟೈ ಮೇಷ್ಟ್ರ ತಾಯಿ. ಗಟ್ಟಿಮುಟ್ಟಾಗಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. “ಏನೋ, ದಾರಿ ತಪ್ಪಿ ಬಂದ್ಯಾ? ನೋಡು, ಹೇಗೆ ಸೊರಗಿದ್ದೀಯ. ಚಿಕ್ಕೋನಿದ್ದಾಗ ಈ ಕಿಟಕಿ ಗಾಜು ಒಡೆದು ನನ್ನ ಮಗನ ಮೇಲೆ ಹಾಕಿದ್ಯಲ್ಲ, ಮರೆತಿಲ್ಲ ನಾನು. ಬಾ, ಕಾಫಿ ಇಡ್ತೀನಿ.” ತನ್ನನ್ನು ಏಕವಚನದಲ್ಲಿ ಬೈಯಲು ಲೋಕದಲ್ಲಿ ಉಳಿದಿದ್ದ ಹಿರಿಯ ಜೀವ ಇದೊಂದೇ ಎಂದು ಮೇಷ್ಟ್ರಿಗೆ ಹೊಳೆಯಿತು.

ಟೈ ಮೇಷ್ಟ್ರು ಒಳಕೋಣೆಯಲ್ಲಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವರು ಕುಂಬಳಕಾಯಿಯನ್ನು ಹೆಗಲ ಮೇಲೇ ಇಟ್ಟುಕೊಂಡು ಮಾತಾಡಿದರು.

“ಕೂತ್ಕೋ. ನಾನೇ ಹೇಳ್ಬೇಕು ಅಂತಿದ್ದೆ.”

“ಪಾಠ ತಗೊಂಡೆ, ತಗೋ. ಅಮ್ಮನ್ನ ಯಾಕೋ ತಗೊಂಡೆ?”

“ಕೊನೇಲಿ ಏನಾದ್ರೂ ಮನಸ್ಸಿಗೆ ತಟ್ಟೋದು ಬೇಕು ಅಂದ್ರು ಕಂಪನಿಯವರು. ಗೆಳೆಯನ ತಾಯಿ ಅಂದ್ರೆ ಯಾರಿಗೆ ತಟ್ಟುತ್ತೆ? ನೀನಂತೂ ಅದನ್ನ ಹೇಳ್ತಾನೇ ಇರ್ಲಿಲ್ಲ. ಸುಮ್ನೆ ಬಿದ್ದಿತ್ತು ಕಣೋ ಅದು.”

“ಬಿದ್ದಿತ್ತಾ?”

“ಮತ್ತೆ? ಅದರಿಂದ ನಿನಗೇನು ಕಮ್ಮಿ ಆಯ್ತು ಹೇಳು. ನಿನ್ನನ್ನೂ ಕಂಪನಿಗೆ ಸೇರಿಸ್ತೀನಿ. ಆ ಕುರ್ಚಿಯಲ್ಲಿ ಕೂರೋ ಹುಡುಗ ಸರಿ ಇಲ್ಲ.”

ತನಗೆ ನಾಯಿಯ ಕೆಲಸ ಕೊಡುತ್ತಿದ್ದಾನೆ ಎಂದು ಅರ್ಥವಾಗಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ನಿಂತರು. ಜನ್ಮದಲ್ಲಿ ಯಾರಿಗೂ ಬೈಯದ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಟೈ ಮೇಷ್ಟ್ರ ತಾಯಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತರು. ಕೂಗಿದರೆ ಆಕೆಗೆ ಗೊತ್ತಾಗುತ್ತದೆ. ಹೆತ್ತ ಮಗ ತನಗೆ ಮರೆವು ಹಿಡಿಸಿ, ಸಾಯಿಸಿ, ಊರೆಲ್ಲ ತೋರಿಸಿ ಅತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಮೇಷ್ಟ್ರು ಬೈಗುಳವನ್ನು ನುಂಗಿ ಕೂತರು, ಕಾಫಿ ಕುಡಿದರು.

“ಬಿಸಿ ಸಾಕಾ?” ಎಂದು ಆಕೆ ಕೇಳಿದರು.

“ಸಾಕಮ್ಮ.”

ಬೆನ್ನಿಗೆ ಚೂರಿ ಹಾಕಿಸಿಕೊಂಡವನಿಗೆ ಅಯ್ಯೋ ಅನ್ನುವ ಹಕ್ಕಾದರೂ ಇರುತ್ತದೆ. ಮೇಷ್ಟ್ರಿಗೆ ಅದೂ ಸಿಗಲಿಲ್ಲ. ದಾರಿಯುದ್ದಕ್ಕೂ ಅವರು ಒಂದೇ ವಿಷಯ ಯೋಚಿಸಿದರು. ಪಾಠ ಹೋದರೆ ಹೋಗಲಿ, ಟ್ಯುಟೋರಿಯಲ್ಲೇ ಮುಚ್ಚಿದರೂ ಮುಚ್ಚಲಿ. ಅಮ್ಮನನ್ನು ಮಾತ್ರ ವಾಪಸು ತರಬೇಕು.

ಮರುದಿನ ತರಗತಿಯಲ್ಲಿ ನಟನೆ ಇಲ್ಲ, ಇತಿಹಾಸ ಇಲ್ಲ, ಮೇಷ್ಟ್ರು ತಮ್ಮ ತಾಯಿಯ ಬಗ್ಗೆ ಹೇಳಿದರು. ಫೋನಿನಲ್ಲಿ ಇಲ್ಲದ್ದನ್ನೂ ಹೇಳಿದರು. ತಾಯಿ ಸ್ವೆಟರಿನ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡಿದ್ದದ್ದು, ಬ್ರೆಡ್ ಕೈಯಿಂದ ಜಾರಿ ಬಟ್ಟಲಿಗೆ ಬಿದ್ದದ್ದು. ಆಮೇಲೆ, ಗೆಳೆಯನಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು. ನಾನು ನಿನ್ನ ಮಗ ಎಂದರೆ ಆಕೆ ಹೆದರಿಯಾಳು ಎಂದು ತಾವೂ ನೆಂಟರ ದನಿಯಲ್ಲೇ, “ನನ್ನದು ಆಯ್ತಮ್ಮ, ನೀವು ತಗೊಳ್ಳಿ” ಎಂದದ್ದು. ಆಕೆ ನಂಬಿ ಬಾಯಿ ತೆರೆದದ್ದು.

ಕೋಣೆಯಲ್ಲಿ ಯಾರೂ ಅಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಫ್ಟ್ ಆಪರೇಟರ್ ತಲೆ ತಗ್ಗಿಸಿ ಚಪ್ಪಲಿ ಸರಿಮಾಡಿಕೊಂಡ. ಎಲ್ಲರೂ ಇಳಿದು ಹೋಗುವಾಗ ಕೌಂಟರಿನ ಹೆಂಗಸು ಹಿಂದೆ ಉಳಿದಳು. ಬೇರೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿ ಮಾತಾಡಿದಳು.

“ಬೇಜಾರು ಮಾಡ್ಕೋಬೇಡಿ ಸಾರ್. ಅವರ ಪಾಠ ಬೇಕಾದ್ರೆ ನೀವು ಹೇಳ್ಕೊಡಿ, ತಪ್ಪಿಲ್ಲ. ಆದ್ರೆ ಅವರ ತಾಯೀನ ನಿಮ್ಮ ತಾಯಿ ಅಂತ ಹೇಳ್ಬಾರ್ದು ಸಾರ್. ಪಾಪ, ಅವರು ಎಷ್ಟು ನೊಂದಿದ್ದಾರೋ.”

ಅವರ ತಾಯಿ ಇನ್ನೂ ಬದುಕಿದ್ದಾರಮ್ಮ, ಎಂಬ ಒಂದು ಮಾತು ಸಾಕಿತ್ತು. ಸಂಜೆಯೊಳಗೆ ಇಡೀ ತಂಡ ಆ ಮನೆಯ ಬಾಗಿಲಲ್ಲಿ ನಿಂತು ಆಕೆಯನ್ನು ನೋಡಿ ಬರುತ್ತಿತ್ತು, ಮಗ ಮಾಡಿದ್ದು ಆಕೆಗೂ ಗೊತ್ತಾಗುತ್ತಿತ್ತು. ಮೇಷ್ಟ್ರು ತಿರುಗಿ, ಏನೂ ಬರೆಯದ ಬೋರ್ಡನ್ನು ಒರೆಸಿದರು.

“ತಪ್ಪಾಯ್ತಮ್ಮ” ಅಂದರು. “ಇನ್ನು ಹೇಳಲ್ಲ.”