ಹೆನ್ರಿಗೆ ಬದಲಾಗಿ ಇಬ್ಬರು

ಕುವೈತಿನಲ್ಲಿ ಕೆಲಸ ಸಿಗಬೇಕಾದರೆ ಕೆಲವರಿಗೆ ಡಿಗ್ರಿ ಬೇಕಾಗಿತ್ತು, ಕೆಲವರಿಗೆ ಭಾವನೋ ಚಿಕ್ಕಪ್ಪನೋ ಮೊದಲೇ ಅಲ್ಲಿರಬೇಕಾಗಿತ್ತು. ಶ್ಯಾಮಸುಂದರ್ ನಡೆಸುತ್ತಿದ್ದ ಕಂಪನಿಯಲ್ಲಿ ಮಾತ್ರ ಒಳ್ಳೆಯ ಎಡಗೈ ಸ್ಪಿನ್ ಇದ್ದರೆ ಸಾಕಾಗಿತ್ತು.

ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಪೈಪು, ವಾಲ್ವು ರಿಪೇರಿ ಮಾಡಿಕೊಡುವ ಸಾಧಾರಣ ಕಂಪನಿ ಅದು. ಕಫೀಲ್ ಎನಿಸಿಕೊಂಡ ಕುವೈತಿ ಯಜಮಾನ ಅಪರೂಪಕ್ಕೆ ಮುಖ ತೋರಿಸುತ್ತಿದ್ದ. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಮೈಸೂರಿನ ಎಂಜಿನಿಯರ್ ಶ್ಯಾಮಸುಂದರ್. ಅವರಿಗೆ ಕ್ರಿಕೆಟ್ಟಿನ ಹುಚ್ಚು. ಕಂಪನಿಗಳ ನಡುವಿನ ಶುಕ್ರವಾರದ ಲೀಗಿನಲ್ಲಿ ತಮ್ಮ ಟೀಮು ಕಪ್ಪು ಎತ್ತಬೇಕೆಂಬುದು ಅವರ ಬಹುದಿನದ ಆಸೆ. ಆ ಟೀಮನ್ನು ಕಟ್ಟಿದವನು ವಿಲ್ಫ್ರೆಡ್ ಕ್ರಾಸ್ತಾ.

ವಿಲ್ಫ್ರೆಡ್ ಮಂಗಳೂರು ಕುಲಶೇಖರದವನು. ಫಿಟ್ಟರ್ ಆಗಿ ಬಂದು ಫೋರ್‌ಮನ್ ಆಗಿದ್ದ. ವಯಸ್ಸು ಐವತ್ತಕ್ಕೆ ಹತ್ತಿರ. ಒಂದು ಕಾಲದಲ್ಲಿ ಒಳ್ಳೆಯ ವಿಕೆಟ್ ಕೀಪರ್. ರಜೆಗೆ ಊರಿಗೆ ಹೋದಾಗ ಅವನು ನೆಂಟರ ಮನೆಗಳಿಗಿಂತ ಮೈದಾನಗಳಿಗೆ ಹೆಚ್ಚು ಹೋಗುತ್ತಿದ್ದ. ಯಾವನಾದರೂ ಹುಡುಗ ಕಣ್ಣಿಗೆ ಬಿದ್ದರೆ ಅವನ ಮನೆಗೇ ಹೋಗಿ ತಂದೆತಾಯಿಯ ಹತ್ತಿರ ಮಾತಾಡಿ, ವೀಸಾ ಮಾಡಿಸಿ ಕರೆದುಕೊಂಡು ಬರುತ್ತಿದ್ದ. ಹುಡುಗರು ವಾರವೆಲ್ಲ ಹೆಲ್ಪರ್ ಕೆಲಸ ಮಾಡಿ, ಶುಕ್ರವಾರ ಮರಳಿನ ಮೇಲೆ ಮ್ಯಾಟ್ ಹಾಸಿದ ಪಿಚ್ಚಿನಲ್ಲಿ ಆಡಿ, ಸಂಜೆ ಫಹಾಹೀಲಿನಲ್ಲಿದ್ದ ಅವನ ಮನೆಗೆ ಊಟಕ್ಕೆ ಬರುತ್ತಿದ್ದರು. ಅವನ ಹೆಂಡತಿ ಕಾರ್ಮೆಲ್ ದೊಡ್ಡ ಪಾತ್ರೆ ತುಂಬ ಕೋಳಿ ಸಾರು ಮಾಡಿಟ್ಟಿರುತ್ತಿದ್ದಳು.

ಹಾಗೆ ಬಂದವರಲ್ಲಿ ಮೂವರು ತೀರಾ ಎಳೆಯರು, ಇಪ್ಪತ್ತರ ಆಸುಪಾಸಿನವರು. ಹೆಜಮಾಡಿಯ ಧನಂಜಯ್ ಓಪನಿಂಗ್ ಬ್ಯಾಟ್ಸ್‌ಮನ್, ಮಾತು ಕಡಿಮೆ. ಉಳ್ಳಾಲದ ಅಶ್ಕರ್ ಎಡಗೈ ಸ್ಪಿನ್ನರ್, ಬಾಯಿ ಮುಚ್ಚಿದ್ದೇ ಇಲ್ಲ. ಮೂರನೆಯವನು ಕಿನ್ನಿಗೋಳಿಯ ಮೋರಿಸ್, ಕಾರ್ಮೆಲಳ ಅಕ್ಕನ ಮಗ. ಅವನು ಸ್ವಲ್ಪ ಬೌಲಿಂಗ್ ಮಾಡುತ್ತಿದ್ದ, ಸ್ವಲ್ಪ ಬ್ಯಾಟಿಂಗ್ ಮಾಡುತ್ತಿದ್ದ, ಕ್ಯಾಚು ಬಂದರೆ ಕಣ್ಣು ಮುಚ್ಚುತ್ತಿದ್ದ.

ತೊಂಬತ್ತನೆಯ ಇಸವಿಯ ಮೇ ತಿಂಗಳಲ್ಲಿ ಟೀಮು ಮತ್ತೊಮ್ಮೆ ಫೈನಲಿನಲ್ಲಿ ಸೋತಿತು. ಹೊಸ ಚೆಂಡು ಹಿಡಿದು ಎದುರಾಳಿಯನ್ನು ಹೆದರಿಸುವ ಒಬ್ಬ ಫಾಸ್ಟ್ ಬೌಲರ್ ಇಲ್ಲ ಎಂಬುದೇ ಅವರ ಕೊರತೆ. ಅದಾಗಿ ಕೆಲವು ದಿನಕ್ಕೆ ಶ್ಯಾಮಸುಂದರ್ ವಿಲ್ಫ್ರೆಡ್‌ನನ್ನು ಕ್ಯಾಬಿನ್ನಿಗೆ ಕರೆಸಿದರು.

"ಹೆನ್ರಿ ಸಿಗ್ತಾನೆ ಕಣ್ರೀ," ಎಂದರು. ಹೆನ್ರಿ ಎಂದರೆ ಜಹ್ರಾದ ಕಡೆ ರಸ್ತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಬೌಲರ್. ಲೀಗಿನಲ್ಲಿ ಅವನಷ್ಟು ವೇಗ ಯಾರಿಗೂ ಇರಲಿಲ್ಲ. "ಅವರಿಗೆ ಬದಲಿಗೆ ಇಬ್ರು ಹುಡುಗರು ಬೇಕಂತೆ. ಆ ಮೂರು ಜನರಲ್ಲಿ ಯಾರಾದ್ರೂ ಇಬ್ರು."

"ಕೊಡುದು ಅಂದ್ರೆ ಹೇಗೆ ಸಾರ್? ಅವರ ಕೆಲಸ?"

"ನಾವು ರಿಲೀಸ್ ಕೊಡ್ತೀವಿ, ಅವರು ತಮ್ಮ ಹೆಸರಲ್ಲಿ ಇಕಾಮಾ ಪರ್ಮಿಟ್ ಮಾಡಿಸ್ತಾರೆ. ಅಲ್ಲೂ ಇದೇ ಹೆಲ್ಪರ್ ಕೆಲಸ, ಇದೇ ಸಂಬಳ. ಯಾರು ಅಂತ ನೀವೇ ಹೇಳಿ. ನಿಮಗಿಂತ ಚೆನ್ನಾಗಿ ಅವರನ್ನ ಯಾರು ಬಲ್ಲರು? ಸೀಸನ್‌ಗೆ ಮುಂಚೆ ಖಲಾಸ್ ಮಾಡಿಬಿಡೋಣ."

ವಿಲ್ಫ್ರೆಡ್ ಆಗಲೇ ಬೇಡವೆನ್ನಬಹುದಿತ್ತು. ಆದರೆ ಹೆನ್ರಿ ಓಡಿ ಬಂದು ಚೆಂಡೆಸೆಯುವುದನ್ನು, ತನ್ನ ಕೀಪರ್ ಹತ್ತು ಹೆಜ್ಜೆ ಹಿಂದೆ ನಿಂತು ಅದನ್ನು ಹಿಡಿಯುವುದನ್ನು ಅವನ ಮನಸ್ಸು ಆಗಲೇ ಕಂಡುಬಿಟ್ಟಿತ್ತು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದ.

ಮನೆಯಲ್ಲಿ ವಿಷಯ ತೆಗೆದಾಗ ಕಾರ್ಮೆಲ್ ಮೀನು ಕೊಯ್ಯುತ್ತಿದ್ದಳು. "ಮಕ್ಕಳೇನು ಸಂತೆಯ ಕೋಳಿಗಳಾ, ಕೊಟ್ಟು ತಕ್ಕೊಳ್ಳಲಿಕ್ಕೆ?" ಎಂದು ಕೊಂಕಣಿಯಲ್ಲಿ ಸಿಡುಕಿದಳು. ಮೋರಿಸನನ್ನು ಉಳಿಸಿಕೊಳ್ಳಿ ಎಂದು ಅವಳು ಕೇಳಲಿಲ್ಲ. ಅವಳು ಹೇಳಿದ್ದು ಅಷ್ಟೇ, ಆಮೇಲೆ ಆ ಮಾತೆತ್ತಲಿಲ್ಲ.

ಧನಂಜಯನ ವಿಷಯ ಕಷ್ಟವಾಗಲಿಲ್ಲ. ಅವನ ಆಟ ಎಷ್ಟು ಬೆಳೆಯಬೇಕೋ ಅಷ್ಟು ಬೆಳೆದಿತ್ತು. ಅವನಂಥ ಓಪನರ್ ಟೀಮಿನಲ್ಲಿ ಇನ್ನೊಬ್ಬನಿದ್ದ. ಉಳಿದದ್ದು ಅಶ್ಕರ್ ಮತ್ತು ಮೋರಿಸ್. ಆಟದ ಲೆಕ್ಕದಲ್ಲಿ ಇಲ್ಲಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಅಶ್ಕರನಂಥ ಕೈ ಎಲ್ಲರಿಗೂ ಸಿಗುವುದಲ್ಲ. ಮೋರಿಸ್ ಇನ್ನು ಹತ್ತು ವರ್ಷ ಆಡಿದರೂ ಮೋರಿಸನೇ. ಆದರೆ ಕಿನ್ನಿಗೋಳಿಯಲ್ಲಿ ಅತ್ತಿಗೆ ಏನೆಂದಾಳು? 'ನನ್ನ ಮಗನನ್ನು ಮರುಭೂಮಿಗೆ ಅಟ್ಟಿದ' ಎಂದು ಊರಿಡೀ ಹೇಳಿಕೊಂಡು ಬಂದಾಳು. ಆ ಮಾತಿಗೆ ಹೆದರಿದ ವಿಲ್ಫ್ರೆಡ್ ಅಶ್ಕರನಲ್ಲಿ ತಪ್ಪು ಹುಡುಕತೊಡಗಿದ. ಚೆಂಡನ್ನು ವಿಪರೀತ ಮೇಲಕ್ಕೆ ತೂರುತ್ತಾನೆ. ಹೊಡೆತ ಬಿದ್ದರೆ ನಗುತ್ತಾನೆ. ಶಿಸ್ತಿಲ್ಲ. ಹೆನ್ರಿ ಬಂದ ಮೇಲೆ ಸ್ಪಿನ್ನಿಗೆ ಓವರ್ ಎಲ್ಲಿ ಸಿಗುತ್ತದೆ? ಮೂರು ದಿನ ಹೀಗೆ ತನಗೆ ತಾನೇ ಹೇಳಿಕೊಂಡ ಮೇಲೆ ಅದೆಲ್ಲ ನಿಜವೆಂದೇ ಅನಿಸಿತು. ಧನಂಜಯ್ ಮತ್ತು ಅಶ್ಕರ್ ಎಂದು ಶ್ಯಾಮಸುಂದರ್‌ಗೆ ಹೇಳಿದ.

ಹುಡುಗರಿಗೆ ತಿಳಿಸುವ ಕೆಲಸವೂ ಅವನ ತಲೆಗೇ ಬಂತು. ವರ್ಕ್‌ಶಾಪಿನ ಹಿಂದಿನ ನೆರಳಿಗೆ ಕರೆದು ಹೇಳಿದ.

"ಅಲ್ಲಿ ಮೆಸ್ಸಲ್ಲಿ ಮೀನು ಉಂಟಾ ಅಂಕಲ್?" ಎಂದಷ್ಟೇ ಕೇಳಿದ ಧನಂಜಯ್.

ಅಶ್ಕರ್ ಮೊದಲು ತಮಾಷೆಯೆಂದು ನಕ್ಕ. ವಿಲ್ಫ್ರೆಡ್ ನಗದಿದ್ದುದನ್ನು ಕಂಡು ಅವನ ಮುಖ ಸಣ್ಣಗಾಯಿತು. "ನಾನೆಂತ ತಪ್ಪು ಮಾಡಿದೆ ಅಂಕಲ್?"

"ತಪ್ಪು ಎಂತದೂ ಇಲ್ಲ ಮಾರಾಯ. ಅಲ್ಲಿ ನಿಂಗೆ ಜಾಸ್ತಿ ಓವರ್ ಸಿಗ್ತದೆ. ನಿನ್ನ ಒಳ್ಳೇದಕ್ಕೇ ಹೇಳುದು."

"ಮೋರಿಸ್ ಹೋಗುದಿಲ್ವಾ?"

"ಅವನನ್ನು ಅವರು ಕೇಳ್ಲಿಲ್ಲ," ಎಂದ ವಿಲ್ಫ್ರೆಡ್. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೇ ನಾಚಿಕೆಯಾಗಲಿಲ್ಲ.

ಜೂನಿನಲ್ಲಿ ಹೆನ್ರಿ ಬಂದ, ಇವರಿಬ್ಬರೂ ಹೋದರು. ಹೊಸ ಕಂಪನಿಯ ಕ್ಯಾಂಪು ಜಹ್ರಾ ದಾಟಿ, ಮುತ್ಲಾ ಗುಡ್ಡದ ಬುಡದಲ್ಲಿ, ಇರಾಕಿನ ಗಡಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿತ್ತು. ಜುಲೈಯ ಒಂದು ಶುಕ್ರವಾರ ಅಶ್ಕರ್ ಬಸ್ಸು ಬದಲಿಸಿ ಬದಲಿಸಿ ಫಹಾಹೀಲಿಗೆ ಊಟಕ್ಕೆ ಬಂದ. ಕುತ್ತಿಗೆಯ ತುಂಬ ಬೆವರುಸಾಲೆ, ತುಟಿ ಒಡೆದಿತ್ತು. ಕಾರ್ಮೆಲ್ ಬಡಿಸಿದ್ದರಲ್ಲಿ ಅರ್ಧ ಬಿಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತು, "ನನ್ನನ್ನು ವಾಪಸ್ ತಕ್ಕೊಳ್ಲಿಕ್ಕೆ ಆಗ್ತದಾ ಅಂಕಲ್? ಟೀಮಿಗೆ ಬೇಡ. ಕೆಲಸಕ್ಕೆ ಮಾತ್ರ," ಎಂದ.

"ಸೀಸನ್ ಮುಗೀಲಿ. ನೋಡುವ."

ಆ ಸೀಸನ್ ಶುರುವಾಗಲೇ ಇಲ್ಲ. ಆಗಸ್ಟ್ ಎರಡರ ಬೆಳಗಾಗುವಷ್ಟರಲ್ಲಿ ಇರಾಕಿನ ಟ್ಯಾಂಕುಗಳು ಗಡಿ ದಾಟಿ, ಅದೇ ಹೆದ್ದಾರಿಯಲ್ಲಿ, ಮುತ್ಲಾ ಗುಡ್ಡ ಇಳಿದು ಕುವೈತಿನೊಳಗೆ ಬಂದಿದ್ದವು. ಜಹ್ರಾಕ್ಕೆ ಫೋನು ಸಿಗಲಿಲ್ಲ. ರಸ್ತೆಯಲ್ಲಿ ಓಡಾಡಬಹುದು ಎನಿಸಿದ ಮೊದಲ ದಿನವೇ ವಿಲ್ಫ್ರೆಡ್ ಹೆನ್ರಿಯ ಕಾರಿನಲ್ಲಿ ಹೊರಟ. ಹೆನ್ರಿಗೆ ಆ ಕ್ಯಾಂಪಿನ ದಾರಿ ಗೊತ್ತಿತ್ತು. ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಕಿಟಕಿಯೊಳಗೆ ಬಂದೂಕಿನ ಮೂತಿ ತೂರಿಸಿ "ಹಿಂದಿ?" ಎಂದು ಕೇಳುತ್ತಿದ್ದರು. "ಹಿಂದಿ, ಹಿಂದಿ," ಎಂದು ಇಬ್ಬರೂ ತಲೆಯಾಡಿಸಿದಾಗ, ಭಾರತದವರೆಂದು ಬಿಟ್ಟುಬಿಡುತ್ತಿದ್ದರು.

ಕ್ಯಾಂಪಿನಲ್ಲಿ ಬಾಗಿಲುಗಳೇ ಇರಲಿಲ್ಲ. ಏಸಿಗಳನ್ನು ಗೋಡೆಯಿಂದ ಕಿತ್ತೊಯ್ದಿದ್ದರು. ಮೆಸ್ಸಿನ ಮುದುಕ ಬಂಗಾಳಿ ಅಡುಗೆಯವ ಒಬ್ಬನೇ ಖಾಲಿ ಪಾತ್ರೆಗಳ ನಡುವೆ ಕೂತಿದ್ದ. "ಸಬ್ ಚಲೇ ಗಯೇ ಭಾಯಿ," ಎಂದ. ಎಲ್ಲರೂ ಹೋಗಿಬಿಟ್ಟಿದ್ದರು, ಯಾರು ಯಾವ ಕಡೆಗೆ ಎಂಬುದು ಅವನಿಗೂ ತಿಳಿದಿರಲಿಲ್ಲ.

ಇದಾದ ಎರಡು ದಿನಕ್ಕೆ ಧನಂಜಯ್ ಫಹಾಹೀಲಿನ ಮನೆಯ ಮೆಟ್ಟಿಲಲ್ಲಿ ಕೂತಿದ್ದ. ಕಾಲಿನ ಚರ್ಮ ಸುಲಿದಿತ್ತು. ಕಾರ್ಮೆಲ್ ನೀರು ಕುಡಿಸಿದಳು. ವಿಲ್ಫ್ರೆಡ್ ಕೇಳಿದ್ದು ಒಂದೇ ಮಾತು: "ಅಶ್ಕರ್?"

"ಅವನಿಗೆ ಜ್ವರ ಇತ್ತು ಅಂಕಲ್. ಜಹ್ರಾದವರೆಗೆ ಹಿಡಿದುಕೊಂಡು ಬಂದೆ. ಅಲ್ಲಿ ಬಸ್ರಾಕ್ಕೆ ಹೋಗುವ ಲಾರಿ ಒಂದು ನಿಂತಿತ್ತು, ಇರಾಕಿನ ದಾರಿಯಾಗಿ ಊರಿಗೆ ಹೊರಟ ತುಂಬ ಜನ. ಅದು ಬೇಡ, ಅಂಕಲ್ ಮನೆಗೆ ಹೋಗುವ ಅಂತ ನಾನು ಹೇಳಿದೆ."

"ಮತ್ತೆ?"

ಧನಂಜಯ್ ಕಾರ್ಮೆಲಳ ಮುಖ ನೋಡಿದ, ನೆಲ ನೋಡಿದ. "'ಅವರಿಗೆ ಬೇಡವಾದವರು ನಾವು, ಅಲ್ಲಿಗೆ ಯಾಕೆ ಹೋಗುದು' ಅಂದ. ಯಾರೋ ಕೈ ಕೊಟ್ಟು ಅವನನ್ನು ಮೇಲೆ ಎಳೆದುಕೊಂಡ್ರು. ನಾನು ಹತ್ತುವ ಮೊದಲೇ ಲಾರಿ ಹೋಯ್ತು."

ವಿಲ್ಫ್ರೆಡ್ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಸೆಪ್ಟೆಂಬರಿನಲ್ಲಿ ಅವನು, ಕಾರ್ಮೆಲ್, ಧನಂಜಯ್ ಮತ್ತು ಮೋರಿಸ್ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿ ತಲುಪಿದರು. ಹೆನ್ರಿ ಬೇರೆ ಗುಂಪಿನೊಡನೆ ಹೋದ. ಅವನು ಈ ಟೀಮಿಗಾಗಿ ಒಂದು ಚೆಂಡೂ ಎಸೆಯಲಿಲ್ಲ. ಬಸ್ರಾದಲ್ಲಿ ಬಸ್ಸು ನಿಂತಷ್ಟು ಹೊತ್ತೂ ವಿಲ್ಫ್ರೆಡ್ ಕಂಡ ಕಂಡವರಲ್ಲಿ ಅಶ್ಕರನ ಸುದ್ದಿ ಕೇಳಿದ. ಗಡಿಯಾಚೆಯ ಮರಳಿನಲ್ಲಿ ಸಾವಿರಾರು ಡೇರೆ. ರೊಟ್ಟಿಯ ಲಾರಿ ಬಂದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ವಿಲ್ಫ್ರೆಡ್ ರೊಟ್ಟಿಯ ಸಾಲಿಗೆ ಮೋರಿಸನನ್ನು ನಿಲ್ಲಿಸಿ, ತಾನು ಡೇರೆಯಿಂದ ಡೇರೆಗೆ ಅಲೆಯುತ್ತಿದ್ದ. "ಉಳ್ಳಾಲದ ಹುಡುಗ, ತೆಳ್ಳಗೆ, ಎಡಚ," ಎಂದು ಹೇಳಿ ಹೇಳಿ ಗಂಟಲು ಒಡೆಯಿತು. ಕರಾವಳಿಯ ಬ್ಯಾರಿ ಮುಸ್ಲಿಮರ ಡೇರೆಯಲ್ಲಿ ಹಿರಿಯರೊಬ್ಬರು ಅವನನ್ನು ಕೂರಿಸಿ ನೀರು ಕೊಟ್ಟು, "ನಿಮ್ಮ ಮಗನಾ?" ಎಂದು ಕೇಳಿದರು. ಅವನು ನೀರು ಕೆಳಗಿಟ್ಟು ಎದ್ದು ಬಂದ. ಸರದಿ ಬಂದಾಗ ಅಮ್ಮಾನಿನಿಂದ ವಿಮಾನ ಹತ್ತಿದರು.

ಊರು ತಲುಪಿದ ವಾರದಲ್ಲೇ ಉಳ್ಳಾಲಕ್ಕೆ ಹೋದ. ಅಶ್ಕರನ ತಾಯಿ ಪಾತುಂಞಿ ಅವನನ್ನು ಕಂಡೊಡನೆ ಅಂಗಳಕ್ಕೇ ಓಡಿ ಬಂದು, ಅವನ ಬೆನ್ನ ಹಿಂದೆ, ಗೇಟಿನಾಚೆ ನೋಡಿದಳು. "ಅವ ಹಿಂದಿನಿಂದ ಬರ್ತಾ ಇದ್ದಾನಾ?"

"ಇಲ್ಲ."

"ನಿಮ್ಮೊಟ್ಟಿಗೆ ಅಲ್ವಾ ಇದ್ದದ್ದು? ವಿಲ್ಲಿ ಅಂಕಲ್ ಇರುವಾಗ ನಿಂಗೆಂತ ಚಿಂತೆ ಉಮ್ಮಾ ಅಂತ ಅವ ಯಾವಾಗಲೂ ಹೇಳ್ತಿದ್ದ."

"ಕಂಪನಿಯವರು ಅವನನ್ನು ಬೇರೆ ಕಡೆ ಹಾಕಿದ್ರು," ಎಂದ ವಿಲ್ಫ್ರೆಡ್. ಲಾರಿಯ ವಿಷಯ ಹೇಳಿದ. ಬಸ್ರಾದಲ್ಲಿ ಯಾವುದಾದರೂ ಆಸ್ಪತ್ರೆಯಲ್ಲಿರಬಹುದು, ಬಂದೇ ಬರುತ್ತಾನೆ ಎಂದ. ಅವಳು ಪ್ರತಿಯೊಂದು ಮಾತಿಗೂ ತಲೆಯಾಡಿಸಿದಳು. ಅವಳು ಒಂದು ಮಾತು ಬೈದಿದ್ದರೆ ಅವನ ಎದೆಯ ಭಾರ ಅಷ್ಟಾದರೂ ಇಳಿಯುತ್ತಿತ್ತು. ಅವಳು ಚಾ ಮಾಡಿ ತಂದಳು.

ಅಂದು ಮನೆಗೆ ಬಂದವನು ಕಾರ್ಮೆಲಳೆದುರು ಬಾಯಿ ಬಿಟ್ಟ. ಹೋಗಬೇಕಾದವನು ಮೋರಿಸ್ ಆಗಿದ್ದ, ಅವನು ನಿನ್ನ ಅಕ್ಕನ ಮಗನೆಂದು ಅಶ್ಕರನನ್ನು ಕಳಿಸಿದೆ ಎಂದ. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದ.

ಕಾರ್ಮೆಲ್ ಅವನತ್ತ ತಿರುಗಿದಳು. "ನಾನು ಕೇಳಿದ್ದೆನಾ ನಿಮ್ಮನ್ನು?"

"ಇಲ್ಲ."

"ಮತ್ತೆ ನನ್ನ ಹೆಸರು ಯಾಕೆ ಎತ್ತುತ್ತೀರಿ? ಇನ್ನು ಮೋರಿಸ್ ಬಂದರೆ ಅವನ ಮುಖ ಹೇಗೆ ನೋಡಲಿ ನಾನು?"

ಕ್ರಿಸ್ಮಸ್ಸಿಗೆ ಮೋರಿಸ್ ಕುಸ್ವಾರ್ ತಿಂಡಿಗಳ ಡಬ್ಬ ಹಿಡಿದುಕೊಂಡು ಬಂದಾಗ, ಅವಳು ತಲೆನೋವೆಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಏನೂ ಅರಿಯದ ಆ ಹುಡುಗ ಡಬ್ಬವನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕೂತು, ಹೋದ.

ಯುದ್ಧ ಮುಗಿದ ಮೇಲೆ, ತೊಂಬತ್ತೊಂದರ ಬೇಸಗೆಯಲ್ಲಿ, ರಿಫೈನರಿಯ ರಿಪೇರಿಗೆ ಕೆಲಸ ಬಲ್ಲವರು ಬೇಕೆಂದು ಶ್ಯಾಮಸುಂದರ್ ಹೇಳಿಕಳಿಸಿದರು. ವಿಲ್ಫ್ರೆಡ್ ಒಬ್ಬನೇ ಹೋದ. ಕಾರ್ಮೆಲ್ ಬರುವುದಿಲ್ಲವೆಂದಳು, ಅವನೂ ಬಾ ಎನ್ನಲಿಲ್ಲ. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ನಡುಹಗಲಿನಲ್ಲಿ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು, ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು.

ಪ್ರತಿ ಶುಕ್ರವಾರ ಅವನು ಜಹ್ರಾಕ್ಕೆ ಹೋಗುತ್ತಿದ್ದ. ಆಸ್ಪತ್ರೆಯಲ್ಲಿ ಕೇಳಿದ, ಪೊಲೀಸರಲ್ಲಿ ಕೇಳಿದ, ಕಬರಸ್ಥಾನ ಕಾಯುವವನಲ್ಲಿಯೂ ಕೇಳಿದ. ಮುತ್ತಲಿಬ್ ಎಂಬ ಬ್ಯಾರಿ ಅಂಗಡಿಯವನೊಬ್ಬ ಮಾತ್ರ, ಆ ಲಾರಿ ನಿಂತಿದ್ದ ಜಾಗ ತೋರಿಸಿ, ಅಂಥ ಹುಡುಗನೊಬ್ಬನಿಗೆ ತಾನು ನೀರಿನ ಬಾಟಲಿ ಕೊಟ್ಟ ನೆನಪು ಎಂದ. "ಅವನೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆ ದಿನ ತುಂಬ ಜನಕ್ಕೆ ಕೊಟ್ಟಿದ್ದೇನೆ." ಅದರಾಚೆಗೆ ಸುದ್ದಿಯಿಲ್ಲ.

ಚಳಿಗಾಲ ಬರುತ್ತಿದ್ದಂತೆ ಶ್ಯಾಮಸುಂದರ್ ಮತ್ತೆ ಕ್ಯಾಬಿನ್ನಿಗೆ ಕರೆದರು. "ಹೊಸ ಹುಡುಗರು ಬಂದಿದಾರೆ ಕಣ್ರೀ. ಟೀಮ್ ಮತ್ತೆ ಕಟ್ಟೋಣ. ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು, ಒಂದ್ಸಲ ಬಂದು ನೋಡಿ ಹೇಳಿ."

"ನನ್ನಿಂದ ಆಗುದಿಲ್ಲ ಸಾರ್."

"ಆ ಹುಡುಗನ ವಿಷಯಾನಾ? ಅದು ಯುದ್ಧ ರೀ. ನಿಮ್ಮ ತಪ್ಪೇನಿದೆ ಅದರಲ್ಲಿ?"

ವಿಲ್ಫ್ರೆಡ್ ಎದ್ದು ಹೊರಗೆ ಬಂದ. ಟೀಮು ಅವನಿಲ್ಲದೆಯೇ ಆಯಿತು. ಅವನು ಒಮ್ಮೆಯೂ ಮೈದಾನದ ಕಡೆ ಹೋಗಲಿಲ್ಲ.

ಪಾತುಂಞಿಯ ನೆರೆಮನೆಯಲ್ಲಿ ಫೋನಿತ್ತು. ಶುಕ್ರವಾರ ಸಂಜೆ ಜಹ್ರಾದಿಂದ ಮರಳಿದ ಮೇಲೆ ವಿಲ್ಫ್ರೆಡ್ ಅಲ್ಲಿಗೆ ಕರೆ ಮಾಡುತ್ತಿದ್ದ. ಕೇಳಬೇಕಾದವರನ್ನೆಲ್ಲ ಕೇಳಿಯಾಗಿತ್ತು, ಜಹ್ರಾದಲ್ಲಿ ಇನ್ನು ತಟ್ಟುವ ಬಾಗಿಲು ಉಳಿದಿರಲಿಲ್ಲ. ಡಿಸೆಂಬರಿನ ಒಂದು ಶುಕ್ರವಾರ ಅದನ್ನು ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಫೋನು ಹಿಡಿದ.

"ಏನಾದರೂ ಗೊತ್ತಾಯ್ತಾ?" ಎಂದಳು ಅವಳು.

"ಈ ವಾರ ಇಲ್ಲ."

"ಬರುವ ವಾರ ಹೋಗ್ತೀರಲ್ವಾ?"

"ಹೋಗ್ತೇನೆ," ಎಂದ ವಿಲ್ಫ್ರೆಡ್.