ಇಪ್ಪತ್ತೆಂಟು ನನ್ನ ಮೊಮ್ಮಗಳದು

ಮೊಮ್ಮಗಳು ಗೆದ್ದ ಖುಷಿ ಇನ್ನೂ ನನ್ನ ಎದೆಯಲ್ಲಿ ಹಿಡಿಯುತ್ತಿಲ್ಲ. ಅದರ ಮಗ್ಗುಲಲ್ಲೇ ಮೈದುನನ ಮೇಲಿನ ಸಿಟ್ಟೂ ಕುದಿಯುತ್ತಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ಆ ದಿನ ಸಾವಳಗಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು, ಸೊಸೆ, ಏಳನೇ ಇಯತ್ತೆಯ ಮೊಮ್ಮಗಳು ಜಮಖಂಡಿ ಬಸ್ಸಿಗೆ ನಿಂತಿದ್ದೆವು. ಅಲ್ಲಿ ಮಕ್ಕಳಿಗೆ ಗಣಿತದ ಸ್ಪರ್ಧೆ. ಚೀಟಿಯಲ್ಲಿ ಬಂದ ಸಂಖ್ಯೆಯ ಗುಣಗಳನ್ನೆಲ್ಲ ಎದ್ದು ನಿಂತು ಹೇಳಬೇಕು. ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬಸ್ಸು ಬಂತು. ಅಷ್ಟರಲ್ಲಿ ಮೈದುನ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ವೈನಿ, ಛಲೋ ಕೆಲಸಕ್ಕ ಮೂರು ಮಂದಿ ಹೊಂಟೀರೇನ? ಒಬ್ಬಾಕಿ ಮನೀಗೆ ನಡೀರಿ."

ನಮ್ಮ ಕಡೆ ಮೂವರು ಕೂಡಿ ಹೋದರೆ ಕೆಲಸ ಕೆಡುತ್ತದೆ ಎನ್ನುತ್ತಾರೆ. ಮೂವರೇ ಹೊರಡಬೇಕಾಗಿ ಬಂದರೆ ಒಂದು ಕಲ್ಲನ್ನು ನಾಲ್ಕನೆಯವರೆಂದು ಜೊತೆಗೆ ಒಯ್ಯುತ್ತಾರೆ. ಸೊಸೆ ಪಾಪ ಅಂಜಿ, ಬಗ್ಗಿ ಒಂದು ಹರಳು ಎತ್ತಿ ಚೀಲಕ್ಕೆ ಹಾಕಿದಳು. ಅವನಿಗೆ ಅದೂ ಸಾಲಲಿಲ್ಲ.

"ಪರೀಕ್ಷಾಕ್ಕ ಕಲ್ಲು ಒಯ್ದರ ಹುಡುಗಿ ತಲೀನೂ ಕಲ್ಲಾಕ್ಕೈತಿ!"

ಮೊಮ್ಮಗಳು ಅಳುವ ದನಿಯಲ್ಲಿ, "ಮೂರರದೇನು ತಪ್ಪೈತಿ ಸಣ್ಣಜ್ಜಾ? ಅದು ಅವಿಭಾಜ್ಯ ಐತಿ. ಒಂದು ಮತ್ತ ಮೂರು ಬಿಟ್ರ ಯಾವುದ್ರಿಂದಾನೂ ಸರಿಯಾಗಿ ಭಾಗ ಆಗಂಗಿಲ್ಲ, ಅಷ್ಟ" ಎಂದಳು.

"ಭಾಗ ಆಗಂಗಿಲ್ಲ ಅಂದಮ್ಯಾಗ ಜಗಳಾನ ಅಲ್ಲೇನ?" ಎಂದು ಹಲ್ಲು ಕಿರಿದ.

ನನ್ನ ನೆತ್ತಿ ಕಾದುಹೋಯಿತು. ಅವನ ರಟ್ಟೆ ಹಿಡಿದು ಎಳೆದೆ. "ಹಂಗಾರ ನಾಕನೇದಾಂವ ನೀನ ಆಗು, ಲೇ. ಹತ್ತು!"

ಎಮ್ಮೆಗೆ ಮೇವು ಹಾಕಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ ಎಂದು ಏನೇನೋ ಅಂದ. "ಯಜಮಾನ್ರ, ಹತ್ತರಿ, ಇಲ್ಲಂದ್ರ ದಾರಿ ಬಿಡ್ರಿ. ನಮ್ಮ ಬಸ್ಸಿಗೆ ಮುಹೂರ್ತ ಇಲ್ರಿ" ಎಂದು ಕಂಡಕ್ಟರ್ ಸೀಟಿ ಊದಿದ. ಮೈದುನ ಬರಿಗಾಲಲ್ಲೇ ಹತ್ತಿ ಬಂದ.

ಜಮಖಂಡಿಯಲ್ಲಿ ಸ್ಪರ್ಧೆಯ ಕೋಣೆಯ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಹುಡುಗಿ ಒಳಗೆ ಸೇರಿದಳು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಅವಳಿಗೆ ಬಂದದ್ದು ಇಪ್ಪತ್ತೆಂಟು. ಸಮಸಂಖ್ಯೆ, ಅವಿಭಾಜ್ಯವಲ್ಲ ಎಂದು ಶುರು ಮಾಡಿದಳು. ಅದನ್ನು ಶೇಷವಿಲ್ಲದೆ ಭಾಗಿಸುವ ಅದಕ್ಕಿಂತ ಚಿಕ್ಕ ಸಂಖ್ಯೆಗಳು ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ಅವನ್ನೆಲ್ಲ ಕೂಡಿಸಿದರೆ ಮತ್ತೆ ಇಪ್ಪತ್ತೆಂಟೇ ಬರುತ್ತದೆ, ಅದಕ್ಕೇ ಅದು ಪರಿಪೂರ್ಣ ಸಂಖ್ಯೆ ಎಂದಳು. ಒಂದು ಚುಕ್ಕಿಯಿಂದ ಏಳು ಚುಕ್ಕಿಯವರೆಗೆ ಸಾಲು ಹಾಕಿ ಹಲಗೆಯ ಮೇಲೆ ಇಪ್ಪತ್ತೆಂಟು ಚುಕ್ಕಿಯ ತ್ರಿಕೋನ ಮಾಡಿ ತೋರಿಸಿದಳು. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಬೆರಳು ಮಡಚಿ ಕೂಡಿಸಿದೆ. ಖರೇನೇ ಬಂತು! ಮೊದಲ ಬಹುಮಾನ ಅವಳಿಗೇ ಕೊಟ್ಟಾಗ ಸೆರಗೆಲ್ಲ ಒದ್ದೆ ಮಾಡಿಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮೈದುನ ಪಕ್ಕದವನಿಗೆ ಹೇಳುತ್ತಿದ್ದ: "ನಾ ನಾಕನೇದಾಂವ ಕೂಡಿದ್ನೆಲ್ಲಾ, ಅದಕ್ಕ ಗೆದ್ಲು."

ನಾನು ಎದ್ದು ನಿಂತೆ. "ಲೇ, ಹುಡುಗಿ ನಿದ್ದಿಗೆಟ್ಟು ಕಲತಾಳ. ನಿನ್ನ ಬರಿಗಾಲಿಗೆ ಕೊಟ್ಟಾರೇನ ಬಹುಮಾನ?" ಬಸ್ಸೆಲ್ಲ ತಿರುಗಿ ನೋಡಿತು. ನೋಡಲಿ ಎಂದು ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು ಎಂದು ಕೂಗಿ ಹೇಳಿದೆ. "ಇದರಾಗ ನೀ ಎಲ್ಲಿ ಅದೀ, ತೋರಸು!"

"ನಾಕು ಐತೆಲ್ಲ ವೈನಿ. ಅದ ನಾ."

ಎಲ್ಲರೂ ನಕ್ಕರು. ಮೊಮ್ಮಗಳೂ ನಕ್ಕಳು. ನಾನು ನಗಲಿಲ್ಲ. ಇವತ್ತಿಗೂ ಅವನು ಓಣಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ನಾನೂ ಅವನ ಬೆನ್ನಿಗೇ ಹೋಗಿ, ಆ ಮನೆಗಳಲ್ಲೇ ಕೂತು, ಇಪ್ಪತ್ತೆಂಟನ್ನು ಮೊದಲಿನಿಂದ ಕೂಡಿಸಿ, ಗೆದ್ದವಳು ಯಾರೆಂದು ಹೇಳಿ ಬರುತ್ತೇನೆ.